ಎರಡು ಸಲ ಬಡಿಸಿದ ಊಟ

ಮೊದಲು ಕೇಳಿಸಿದ್ದು ಸದ್ದು. ತುಂಬಿದ ಮೂಟೆ ಜಗಲಿಯಿಂದ ಉರುಳಿದಂಥ ಮೆತ್ತಗಿನ, ಭಾರವಾದ ಸದ್ದು. ಅದರ ಬೆನ್ನಿಗೇ ಸಿಟ್ಟಿನ ದನಿ —

"ಯಾರ್ರೀ ಅದು, ನನ್ನ ಹಾಸಿಗೆ ಎಳೆದಿದ್ದು?"

ದಿಕ್ಕಿನಕ್ಕ ಕೈಯಲ್ಲಿದ್ದ ಲೋಟವನ್ನು ಕಿಟಕಿಯ ಮೇಲಿಟ್ಟು ಓಡಿದಳು. ವಾರ್ಡಿನ ಕೊನೆಯ ಕೋಣೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಂಚದ ಎಡಮಗ್ಗುಲಿಗೆ, ಬರಿನೆಲದ ಮೇಲೆ, ಆ ಕೋಣೆಯ ರೋಗಿ ಟೀಚರಮ್ಮ ಬಿದ್ದಿದ್ದರು. ಎಡಗೈ ದೇಹದಡಿ ಸಿಕ್ಕಿಕೊಂಡು ಮಣಿಕಟ್ಟು ವಕ್ರವಾಗಿ ಹೊರಳಿತ್ತು. ಹಣೆಯಲ್ಲಿ ರಕ್ತ.

ಮಂಚದ ಬಲಗಡೆಯ ಕಂಬಿ ಮೇಲಿತ್ತು. ಎಡಗಡೆಯ ಕಂಬಿ ಕೆಳಗಿಳಿದಿತ್ತು.

ರೋಗಿ ಬೀಳದಿರಲೆಂದೇ ಇರುವ ಕಂಬಿ ಅದು. ತಾನಾಗಿ ಇಳಿಯುವಂಥದ್ದಲ್ಲ. ಮಂಡಿಯಿಂದ ಒತ್ತಿ, ಕೊಂಡಿಯನ್ನು ಹೊರಕ್ಕೆಳೆದರಷ್ಟೇ ಇಳಿಯುವ ಹಳೆಯ ಮಂಚ. ಯಾರೋ ಇಳಿಸಿದ್ದಾರೆ. ಯಾರು?

ಅಷ್ಟರಲ್ಲಿ ಗುಬ್ಬಿ ಓಡಿಬಂದಳು — ವಾರ್ಡಿಗೆ ಹೊಸದಾಗಿ ಸೇರಿದ ನರ್ಸು, ಕೆಲಸ ಇನ್ನೂ ಕಾಯಂ ಆಗಿಲ್ಲ, ಸಣ್ಣ ಮೈ, ಚಿಟಿಪಿಟಿ ಮಾತು, ಅದಕ್ಕೇ ಆ ಹೆಸರು. ಕಂಬಿ ನೋಡಿ ಅಲ್ಲೇ ನಿಂತಳು.

"ನಾನು ಏರಿಸಿದ್ದೆ ಅಕ್ಕಾ. ಎರಡೂ ಏರಿಸಿದ್ದೆ. ತಟ್ಟೆ ಇಟ್ಟು, ಎಳೆದು ನೋಡಿ, ಆಮೇಲೇ ಪಕ್ಕದ ಕೋಣೆಗೆ ಹೋಗಿದ್ದು."

"ಹಾಗಾದ್ರೆ ಕಂಬಿ ತಾನೇ ಮಲಗ್ತಾ?" ಬಾಗಿಲಲ್ಲಿ ದೊಡ್ಡಕ್ಕ ನಿಂತಿದ್ದರು. ವಾರ್ಡಿನ ಹಿರಿಯ ನರ್ಸು. ಆಡಳಿತದ ಸಭೆ ಮುಗಿಸಿ ಮೆಟ್ಟಿಲು ಹತ್ತುತ್ತಿದ್ದಾಗ ಸದ್ದು ಕೇಳಿ ಬಂದೆ ಎಂದರು, ಏದುಸಿರು ಬಿಡುತ್ತಿದ್ದರು. ಮುಖ ಬಿಳಚಿತ್ತು. "ಹಿಡಿ, ತಲೆ ಹಿಡಿ. ಎಲ್ಲರೂ ಒಟ್ಟಿಗೆ ಎತ್ತಿ. ಟೀಚರ್, ನೋವಾಗ್ತಿದ್ಯಾ?"

"ನೋವು ಗೀವು ಏನಿಲ್ಲ. ಅವಮಾನ ಆಗಿದೆ" ಎಂದರು ಟೀಚರಮ್ಮ.

ಮೂಳೆ ಡಾಕ್ಟರು ಬಂದಾಗ ಮಧ್ಯಾಹ್ನ ಎರಡು ಗಂಟೆ. ಕೈ ಮುಟ್ಟಿ ನೋಡಿದರು. "ಮುರಿದಿದೆ. ಅರಿವಳಿಕೆ ಕೊಟ್ಟು ಎಳೆದು ಕೂರಿಸಬೇಕು. ಹೊಟ್ಟೆ ಆರು ಗಂಟೆ ಖಾಲಿ ಇರಬೇಕು. ಊಟ ಯಾವಾಗ ಆಯ್ತು?"

"ಹನ್ನೆರಡಕ್ಕೆ ತಟ್ಟೆ ಇಟ್ಟೆ ಸರ್. ಬೇಗ ಬೇಗ ತಿಂತಾರೆ ಅವರು" ಎಂದಳು ಗುಬ್ಬಿ.

"ಸರಿ. ಸಂಜೆ ಆರಕ್ಕೆ ಮಾಡೋಣ."

"ಹನ್ನೆರಡರಿಂದ ಎಣಿಸಬೇಡಿ ಡಾಕ್ಟ್ರೇ, ಈಗಿನಿಂದ ಎಣಿಸಿ" ಎಂದರು ದೊಡ್ಡಕ್ಕ. "ಎಂಟಕ್ಕೆ ಮುಂಚೆ ಬೇಡ. ಅನ್ನ ಶ್ವಾಸಕ್ಕೆ ಏರಿದ್ರೆ ಕೈ ಉಳಿಯತ್ತೆ, ಜೀವ ಹೋಗತ್ತೆ."

ಡಾಕ್ಟರು ತಲೆಯಾಡಿಸಿದರು. ಆ ವಾರ್ಡಿನಲ್ಲಿ ದೊಡ್ಡಕ್ಕನ ಮಾತಿಗೆ ಎದುರುಮಾತು ಆಡಿದವರಿಲ್ಲ. ಆಮೇಲೆ ದೊಡ್ಡಕ್ಕ ಗುಬ್ಬಿಯ ಕಡೆ ತಿರುಗಿದರು, ಮುಖ ನೋಡದೆ, ಅವಳ ಹೆಗಲಾಚೆಯ ಗೋಡೆಯನ್ನು ನೋಡುತ್ತ ಹೇಳಿದರು — "ಹೊಸಬರಿಗೆ ಮರೆವು ಸಹಜ. ಮರೆತೆ ಅಂತ ಬರೆದು ಕೊಡು."

"ಮರೆತಿಲ್ಲ ದೊಡ್ಡಕ್ಕಾ..."

"ಬರೆದು ಕೊಡು."

ದಿಕ್ಕಿನಕ್ಕನ ಕಥೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅವಳೂ ನರ್ಸೇ. ಪಾರ್ಶ್ವವಾಯು ಬಡಿದವರ ಆರೈಕೆಯ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಮೆದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದ ಕೆಲವರಿಗೆ ಒಂದು ವಿಚಿತ್ರ ಸಂಕಟ. ಕಣ್ಣು ಕುರುಡಲ್ಲ, ಬುದ್ಧಿ ಮಂಕಲ್ಲ. ಆದರೆ ಎಡಗಡೆ ಎನ್ನುವುದೇ ಮನಸ್ಸಿನಿಂದ ಅಳಿಸಿಹೋಗುತ್ತದೆ. ಎಡಗೆನ್ನೆಗೆ ಪೌಡರ್ ಹಚ್ಚುವುದಿಲ್ಲ. ಎಡಗಡೆ ನಿಂತವರು ಅವರ ಪಾಲಿಗೆ ಇಲ್ಲವೇ ಇಲ್ಲ. ಇಲ್ಲ ಎನ್ನುವುದೂ ಅವರಿಗೆ ಗೊತ್ತಿಲ್ಲ — ಅದೇ ದೊಡ್ಡ ಕಷ್ಟ.

ಹಾಸಿಗೆಯ ದಿಕ್ಕು ಬದಲಿಸಿದರೆ? ಬಾಗಿಲು ರೋಗಿಯ ಎಡಕ್ಕೆ ಬರುವಂತೆ ಮಂಚ ತಿರುಗಿಸಿ, ನರ್ಸುಗಳೆಲ್ಲ ಎಡದಿಂದಲೇ ಹೋಗಿ, ಎಡದಿಂದಲೇ ಮಾತಾಡಿಸಿದರೆ? ಊಟದ ತಟ್ಟೆಯನ್ನು ನೇರ ಮುಂದಿಟ್ಟು, ಎಡಭಾಗದ ಅನ್ನವನ್ನು ರೋಗಿ ತಾನೇ ಹುಡುಕಿಕೊಳ್ಳುವವರೆಗೆ ಯಾರೂ ತಟ್ಟೆ ಮುಟ್ಟದಿದ್ದರೆ? ಕಳೆದುಹೋದ ಅರ್ಧ ಲೋಕ ಮೆಲ್ಲಗೆ ಮರಳಿ ಬರಬಹುದಲ್ಲ! ಇದು ಅವಳ ಪ್ರಯೋಗ. ಮಂಚ ತಿರುಗಿಸುವ ಹುಚ್ಚಿಗೆ ವಾರ್ಡಿನವರು ಕೊಟ್ಟ ಬಿರುದು — ದಿಕ್ಕಿನಕ್ಕ. ಎಲ್ಲ ರೋಗಿಗಳ ಪೈಕಿ ಚೆನ್ನಾಗಿ ಗುಣ ಕಂಡವರು ಟೀಚರಮ್ಮ. ಮೊದಮೊದಲು ಅರ್ಧ ತಟ್ಟೆ ಹಾಗೇ ಉಳಿಯುತ್ತಿತ್ತು. ಈಗ ಬೋಳಾಗಿ ಬರುತ್ತಿತ್ತು. ಓದಲು ಕೊಟ್ಟ ಹಾಳೆಯನ್ನು ಎಡತುದಿಯಿಂದ ಬಲತುದಿಯವರೆಗೆ ಗಂಟೆ ಬಾರಿಸಿದ ಹಾಗೆ ಓದುತ್ತಿದ್ದರು.

ಅದೇ ಈಗ ಗುಬ್ಬಿಯ ಕೊರಳಿಗೆ ಉರುಳಾಯಿತು.

ಆ ಸಂಜೆ ಮುಖ್ಯ ವೈದ್ಯರು ಟೀಚರಮ್ಮನನ್ನು ಕೇಳಿದ್ದರು — "ಗುಬ್ಬಿ ಸಿಸ್ಟರ್ ಹೋದ ಮೇಲೆ ಕೋಣೆಗೆ ಯಾರು ಬಂದ್ರು?"

"ನರಪಿಳ್ಳೆ ಬರಲಿಲ್ಲ. ನಾನೇನು ನಿದ್ದೆ ಮಾಡ್ತಿದ್ನಾ? ಕಣ್ಣು ಬಿಟ್ಕೊಂಡು ಕೂತಿದ್ದೆ."

ಮುಖ್ಯ ವೈದ್ಯರು ಹೊರಗೆ ಬಂದು ದಿಕ್ಕಿನಕ್ಕನನ್ನು ಕೇಳಿದರು — "ಇವರ ಮಾತು ನಂಬಬಹುದಾ? ನಿಮ್ಮ ಪ್ರಯೋಗದಲ್ಲಿ ಇವರಿಗೆ ಎಡಗಡೆ ವಾಪಸ್ ಬಂದಿದೆ ಅಲ್ವಾ?"

"ಬಂದಿದೆ ಸರ್." ಹೆಮ್ಮೆಯಿಂದಲೇ ಹೇಳಿದ್ದಳು. ಹೇಳಿದ ಮರುಕ್ಷಣ ಗುಬ್ಬಿಯ ಮುಖ ಕಂಡಿತು. ಯಾರೂ ಬರಲಿಲ್ಲ ಎಂದ ಮೇಲೆ ಉಳಿದವಳು ಒಬ್ಬಳೇ. ಟೀಚರಮ್ಮನ ಮಗಳು ದೂರು ಬರೆದಾಗಿತ್ತು: "ನನ್ನ ತಾಯಿ ಸತ್ತೇ ಹೋಗ್ತಿದ್ರು. ಆ ಹುಡುಗಿ ಇನ್ನೆಲ್ಲೂ ರೋಗಿ ಮುಟ್ಟಬಾರದು." ನಾಳೆ ಮಧ್ಯಾಹ್ನ ಸಭೆ. ಅಲ್ಲಿ ತಪ್ಪು ಗಟ್ಟಿಯಾದರೆ ಗುಬ್ಬಿಗೆ ಈ ಆಸ್ಪತ್ರೆಯಷ್ಟೇ ಅಲ್ಲ, ಯಾವ ಆಸ್ಪತ್ರೆಯ ಬಾಗಿಲೂ ತೆರೆಯುವುದಿಲ್ಲ.

ಮರುದಿನ ಬೆಳಗ್ಗೆ ನಿಧಾನಪ್ಪ ಬಂದರು.

ಆಸ್ಪತ್ರೆಯಲ್ಲಿ ಅನಾಹುತವಾದಾಗ ವಿಚಾರಣೆ ನಡೆಸುವುದು ಅವರ ಕೆಲಸ. ಹಿಂದೆ ತಾವೂ ನರ್ಸಾಗಿದ್ದವರು. ನಡಿಗೆ ನಿಧಾನ, ಮಾತು ಇನ್ನೂ ನಿಧಾನ. ಕೇಳುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಿದ್ದೆ ಹೋದರೆಂದು ಹೊಸಬರು ಕಿಸಕ್ಕೆನ್ನುವುದುಂಟು. ಪದ್ಯ ಕೇಳುತ್ತ ಬೆಳೆದ ಮನೆಯವರು, ಕಿವಿಗೆ ಕೆಲಸ ಕೊಡುವಾಗ ಕಣ್ಣಿಗೆ ರಜೆ ಕೊಡುತ್ತಾರೆ ಎಂದು ಹಳಬರಿಗೆ ಗೊತ್ತಿತ್ತು.

"ಬನ್ನಿ ತಾಯಿ, ನೀವೂ ಜೊತೆಗಿರಿ" ಎಂದರು ದಿಕ್ಕಿನಕ್ಕನಿಗೆ. "ನಿಮ್ಮ ಪ್ರಯೋಗ ನನಗೆ ಅರ್ಥವಾಗಬೇಕು."

ಮೊದಲು ಗುಬ್ಬಿ. ರಾತ್ರಿಯಿಡೀ ಅತ್ತ ಕಣ್ಣು.

"ಕಂಬಿ ಏರಿಸಿದ್ದು ನೆನಪಿದ್ಯಾ ಮಗಳೇ?"

"ಇದೆ ಸರ್... ಇತ್ತು. ಈಗ ಎಲ್ಲರೂ ಕೇಳಿ ಕೇಳಿ, ನಿನ್ನೆ ಏರಿಸಿದ್ದು ನೆನಪೋ, ಮೊನ್ನೆದೋ ಗೊತ್ತಾಗ್ತಿಲ್ಲ."

"ತಟ್ಟೆ ಯಾರು ತೆಗೆದ್ರು?"

"ತಟ್ಟೆನಾ?" ಗುಬ್ಬಿ ಕಣ್ಣು ಪಿಳುಕಿಸಿದಳು. "ಗಾಡಿಯಣ್ಣ ತೆಗೀತಾನೆ. ದಿನಾ ಅವನೇ ತಾನೆ?"

ಗಾಡಿಯಣ್ಣ ಊಟದ ಗಾಡಿ ತಳ್ಳುವವನು. ಅಡಿಗೆಮನೆಯ ಬಾಗಿಲಲ್ಲಿ ಸಿಕ್ಕ.

"ಕೊನೇ ಕೋಣೆ ತಟ್ಟೆನಾ ಸ್ವಾಮಿ? ನಾನು ತೆಗೆಯಲ್ಲ. ಗುಬ್ಬಿ ಸಿಸ್ಟರ್ ತಂದಿಡ್ತಾರೆ."

"ನೀನು ನೋಡಿದ್ಯಾ, ಆಕೆ ತಂದಿಡೋದು?"

"ನೋಡಿಲ್ಲ. ಆ ಕಡೆ ವಾರ್ಡಿಗೆ ಹೋಗಿ ಬರೋ ಅಷ್ಟರಲ್ಲಿ ಗಾಡಿ ಮೇಲೆ ಇರತ್ತೆ. ಬೇರೆ ತಟ್ಟೆಗಳನ್ನೆಲ್ಲ ನಾನು ಹುಡುಕ್ಕೊಂಡು ಹೋಗ್ಬೇಕು. ಅದೊಂದು ಮಾತ್ರ ತಾನಾಗಿ ನಡ್ಕೊಂಡು ಬರತ್ತೆ. ಒಳ್ಳೆ ತಟ್ಟೆ!" ಅವನು ನಕ್ಕ. ನಿಧಾನಪ್ಪ ನಗಲಿಲ್ಲ.

"ನಿನ್ನೆನೂ ಬಂದಿತ್ತಾ?"

"ಬಂದಿತ್ತು. ಬೋಳು ತಟ್ಟೆ."

ದಿಕ್ಕಿನಕ್ಕ ಲೆಕ್ಕ ಹಾಕಿದಳು. ಇವಳು ಅವನು ಎನ್ನುತ್ತಾಳೆ, ಅವನು ಇವಳು ಎನ್ನುತ್ತಾನೆ. ಹಾಗಾದರೆ ಆ ತಟ್ಟೆಯನ್ನು ಹೊರಗೆ ತಂದ ಕೈ ಯಾರದು? ಅವಳು ತಾನೂ ದಿನವೂ ಗಾಡಿಯ ಮೇಲಿನ ಆ ಬೋಳು ತಟ್ಟೆ ನೋಡಿ ಹಿಗ್ಗಿದ್ದಳು. ಕೋಣೆಯೊಳಗೆ ಮಾತ್ರ ಇಣುಕಿರಲಿಲ್ಲ — ಊಟದ ಹೊತ್ತಿನಲ್ಲಿ ನೋಡುತ್ತ ನಿಂತರೆ ರೋಗಿಗೆ ಸಂಕೋಚ, ದೂರವಿರಿ ಎಂದು ನಿಯಮ ಮಾಡಿದವಳೇ ಅವಳು.

"ಆದ್ರೆ ಟೀಚರಮ್ಮ ಯಾರೂ ಬರಲಿಲ್ಲ ಅಂತಾರಲ್ಲ?" ಎಂದಳು.

"ಅವರನ್ನೇ ಕೇಳೋಣ."

ಟೀಚರಮ್ಮ ಬಿಳಿ ಪಟ್ಟಿ ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದರು. ಅವರ ಕಣ್ಣು ಬಲಗಡೆಯ ಕಿಟಕಿಯಲ್ಲಿ. ಇಬ್ಬರೂ ಬಾಗಿಲಿನಿಂದ ಒಳಗೆ ಬಂದರು. ಅವರು ತಿರುಗಲಿಲ್ಲ. ನಿಧಾನಪ್ಪ ಕೆಮ್ಮಿದರು. ಟೀಚರಮ್ಮ ಕಿಟಕಿಯ ಕಡೆಗೇ ಕೇಳಿದರು — "ಯಾರು?"

ದಿಕ್ಕಿನಕ್ಕ ಅದನ್ನು ಕಂಡಳು. ಕಿಟಕಿಯಾಚೆ ಏನೋ ನೋಡುತ್ತಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು.

"ನಾನಮ್ಮ, ವಿಚಾರಣೆಯವನು. ಊಟ ತಿಂಡಿ ಎಲ್ಲ ಹೇಗಿದೆ ಇಲ್ಲಿ?"

"ಊಟಕ್ಕೇನು, ಧಾರಾಳ. ಎರಡೆರಡು ಸಲ ಬಡಿಸ್ತಾರೆ."

"ಎರಡು ಸಲ?"

"ಹ್ಞೂಂ. ತಿಂದು ಮುಗಿಸಿ ಕೈ ಒರೆಸ್ಕೊಂಡಿರ್ತೀನಿ. ಸ್ವಲ್ಪ ಹೊತ್ತಿಗೆ ನೋಡಿದ್ರೆ ತಟ್ಟೆಲಿ ಮತ್ತೆ ಅನ್ನ, ಮತ್ತೆ ಕ್ಯಾರೆಟ್ಟು. ಮನೇಲಿ ನನ್ನ ಮಗಳು ಒಂದು ಸಲ ಬಡಿಸೋಕೇ ಮುಖ ಊದಿಸ್ಕೋತಾಳೆ!"

ಅವರು ನಕ್ಕರು. ದಿಕ್ಕಿನಕ್ಕನೂ ಅಭ್ಯಾಸಬಲದಿಂದ ನಕ್ಕಳು. ಈ ಜೋಕು ವಾರ್ಡಿಗೆಲ್ಲ ಗೊತ್ತಿದ್ದದ್ದೇ.

"ಓದೋದು ಚೆನ್ನಾಗಿ ಓದ್ತೀರಂತೆ. ನನಗೂ ಒಂದಿಷ್ಟು ಕೇಳಿಸಿ."

ದಿಕ್ಕಿನಕ್ಕ ಪ್ರತಿವಾರ ಕೊಡುವ ಹಾಳೆ ಕೊಟ್ಟಳು. ನದಿ, ದೋಣಿ, ಅಂಬಿಗನ ಮೇಲೆ ಬರೆದ ಪುಟ್ಟ ಗದ್ಯ. ಟೀಚರಮ್ಮ ಕನ್ನಡಕ ಏರಿಸಿ, ಗಂಟಲು ಸರಿಮಾಡಿ, ಒಂದಕ್ಷರ ಬಿಡದೆ ಓದಿದರು. ನಿಧಾನಪ್ಪ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೂ ಕಣ್ಣು ತೆರೆಯಲಿಲ್ಲ.

"ನೋಡಿದ್ರಾ?" ದಿಕ್ಕಿನಕ್ಕನ ದನಿಯಲ್ಲಿ ಆಸೆ.

"ಕೇಳಿದೆ. ಓದೋ ಮನುಷ್ಯ ಸಾಲು ಮುಗಿದಾಗ ಒಂಚೂರು ತಡೀತಾನೆ. ಕಣ್ಣು ಆ ತುದಿಯಿಂದ ಈ ತುದಿಗೆ ಬರಬೇಕಲ್ಲ. ಬಾಯಿಪಾಠದವರು ಅರ್ಥ ಮುಗಿದ ಕಡೆ ಉಸಿರು ತಗೋತಾರೆ. ಇವರು ಅರ್ಥ ಮುಗಿದ ಕಡೆ ಮಾತ್ರ ತಡೆದ್ರು." ಅವರು ಕಣ್ಣು ತೆರೆದರು. "ಟೀಚರ್, ಈ ಪಾಠ ನಿಮಗೆ ಬಾಯಿಗೆ ಬರತ್ತಾ?"

"ಎರಡು ಸಲ ಕಿವಿಗೆ ಬಿದ್ದದ್ದು ಮರೆತರೆ ನಾನ್ಯಾವ ಟೀಚರು? ಮೊದಲ ವಾರ ಈಯಮ್ಮನೇ ಓದಿ ಓದಿ ತೋರಿಸ್ತಿದ್ಲಲ್ಲ."

ನಿಧಾನಪ್ಪ ಜೇಬಿನಿಂದ ಆ ದಿನದ ಪತ್ರಿಕೆ ತೆಗೆದು ಒಂದು ಸುದ್ದಿ ತೋರಿಸಿದರು. ಟೀಚರಮ್ಮ ಓದಿದರು — "ಮೇಲೆ ಲಾರಿ ನಿಂತಿತ್ತು... ಜನರು ಸೇರಿದರು... ಬಂದು ತೆರವು..." ಹುಬ್ಬು ಗಂಟಿಕ್ಕಿತು. "ಇದೆಂಥ ಬರವಣಿಗೆ? ಇವರಿಗೆ ವಾಕ್ಯ ಬರೆಯೋಕೆ ಯಾರು ಕಲಿಸಿದ್ರು?"

ಪ್ರತಿ ಸಾಲಿನ ಎಡಗಡೆಯ ಅರ್ಧ ಅವರ ಪಾಲಿಗೆ ಅಚ್ಚೇ ಆಗಿರಲಿಲ್ಲ.

ದಿಕ್ಕಿನಕ್ಕ ಹೊರಗೆ ಬಂದು ಗೋಡೆ ಹಿಡಿದು ನಿಂತಳು. ಪ್ರತಿವಾರವೂ ಒಂದೇ ಹಾಳೆ! ಅಳತೆಗೋಲು ಬದಲಾಗಬಾರದು ಎಂದು ಹಟ ಹಿಡಿದವಳು ತಾನು. ಜೀವಮಾನವೆಲ್ಲ ಪಾಠ ಒಪ್ಪಿಸಿಕೊಂಡ ಹೆಂಗಸಿಗೆ ಒಂದೇ ಪಾಠ ಮತ್ತೆ ಮತ್ತೆ ಕೊಟ್ಟವಳೂ ತಾನೇ.

"ಅವರಿಗೆ ಎಡಗಡೆ ಬಂದಿಲ್ಲ" ಎಂದಳು.

"ಇಲ್ಲ."

"ಬಾಗಿಲು ಎಡಗಡೆ ಇದೆ. ಯಾರು ಬಂದ್ರೂ ಅವರಿಗೆ ಕಂಡಿರಲ್ಲ. ಸದ್ದು ಕೇಳಿದ್ರೂ ಕಿಟಕಿ ಕಡೆಯಿಂದ ಅನ್ಕೋತಾರೆ."

"ಹೌದು."

"ಎರಡು ಸಲ ಬಡಿಸ್ತಾರೆ ಅನ್ನೋದು..." ಅವಳ ಮಾತು ನಿಂತಿತು. ತಟ್ಟೆಯ ಬಲ ಅರ್ಧ ತಿಂದು ಮುಗಿಸುತ್ತಾರೆ. ಯಾರೋ ಬಂದು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸುತ್ತಾರೆ. ಎಡಗಡೆ ಉಳಿದದ್ದು ಬಲಗಡೆಗೆ ಬರುತ್ತದೆ — ಆಕಾಶದಿಂದ ಇಳಿದ ಹಾಗೆ. "ಜೋಕಲ್ಲ ಅದು. ಸಾಕ್ಷಿ!"

ನಿಧಾನಪ್ಪ ತಲೆಯಾಡಿಸಿದರು. "ಸಭೇಲಿ ಮುಖ್ಯ ವೈದ್ಯರು ನಿಮ್ಮನ್ನೇ ಮೊದಲು ಕೇಳ್ತಾರೆ ತಾಯಿ, ಟೀಚರಮ್ಮನ ಮಾತು ನಂಬಬಹುದಾ ಅಂತ. ಪ್ರಯೋಗ ನಿಮ್ಮದು. ನಾನು ಹೇಳಿದ್ರೆ ಅದು ಹೊರಗಿನವನ ಅನುಮಾನ. ನೀವು ಹೇಳಿದ್ರೆ ಮಾತ್ರ ಅದಕ್ಕೆ ತೂಕ."

ಇತ್ತ ದರಿ, ಅತ್ತ ಪುಲಿ. 'ನಂಬಬಹುದು' ಎಂದರೆ ಪ್ರಯೋಗ ಉಳಿಯುತ್ತದೆ, ಗುಬ್ಬಿ ಹೋಗುತ್ತಾಳೆ. 'ನಂಬಬಾರದು' ಎಂದರೆ ಗುಬ್ಬಿ ಉಳಿಯಬಹುದು. ವರ್ಷಗಳ ದುಡಿಮೆ ಎಲ್ಲರೆದುರು ಮಣ್ಣಾಗುತ್ತದೆ. ಮಂಚ ತಿರುಗಿಸುವ ಹುಚ್ಚಿ ಎಂದು ನಕ್ಕವರು ಇನ್ನೊಮ್ಮೆ ನಗುತ್ತಾರೆ. ಅದಕ್ಕಿಂತ ಹೆಚ್ಚಾಗಿ, ನಿಜವಾಗಿ ಗುಣ ಕಾಣುತ್ತಿರುವ ಉಳಿದ ರೋಗಿಗಳ ಲೆಕ್ಕವನ್ನೂ ಯಾರೂ ನಂಬುವುದಿಲ್ಲ. ಸಭೆಯ ಹೊತ್ತಿನವರೆಗೆ ಅವಳು ನೀರು ಕೂಡ ಕುಡಿಯಲಿಲ್ಲ.

ಸಣ್ಣ ಕೋಣೆ. ಉದ್ದನೆಯ ಮೇಜು. ಮುಖ್ಯ ವೈದ್ಯರು, ಮೂಳೆ ಡಾಕ್ಟರು, ಟೀಚರಮ್ಮನ ಮಗಳು, ದೊಡ್ಡಕ್ಕ. ಮೂಲೆಯ ಕುರ್ಚಿಯ ತುದಿಯಲ್ಲಿ ಗುಬ್ಬಿ.

"ಮೊದಲು ಒಂದು ಮಾತು ಖಚಿತ ಆಗಲಿ" ಎಂದರು ಮುಖ್ಯ ವೈದ್ಯರು. "ಯಾರೂ ಬರಲಿಲ್ಲ ಅಂತ ರೋಗಿ ಹೇಳಿದ್ದನ್ನ ಒಪ್ಪಬಹುದಾ?"

ದಿಕ್ಕಿನಕ್ಕ ಎದ್ದು ನಿಂತಳು.

"ಒಪ್ಪಬಾರದು ಸರ್. ನಿನ್ನೆ ನಾನು ಹೇಳಿದ್ದು ತಪ್ಪು. ಅವರಿಗೆ ಎಡಗಡೆ ಇನ್ನೂ ಇಲ್ಲ. ಹಾಳೆ ಬಾಯಿಪಾಠ ಆಗಿತ್ತು. ತಟ್ಟೆ ಯಾರೋ ತಿರುಗಿಸ್ತಿದ್ರು. ನನ್ನ ಪ್ರಯೋಗದ ಅತ್ಯುತ್ತಮ ಫಲಿತಾಂಶ... ಅದು ಫಲಿತಾಂಶವೇ ಅಲ್ಲ."

ಮಗಳು ಮುಂದಕ್ಕೆ ಬಾಗಿದಳು. "ಅಂದ್ರೆ? ನನ್ನ ಅಮ್ಮ ಅಷ್ಟು ದಿನ ಅರ್ಧ ಹೊಟ್ಟೆ ಊಟ ಮಾಡ್ತಿದ್ರಾ?"

"ಯಾರೋ ಬಂದು ತಿರುಗಿಸೋವರೆಗೆ, ಹೌದಮ್ಮ. ತಟ್ಟೆ ಮುಟ್ಟಬಾರದು ಅನ್ನೋ ನಿಯಮ ನಂದೇ. ಇವತ್ತಿಂದ ಆ ನಿಯಮ ಇಲ್ಲ."

"ಆ ಯಾರೋ ಯಾರು?" ಮುಖ್ಯ ವೈದ್ಯರು ನಿಧಾನಪ್ಪನ ಕಡೆ ನೋಡಿದರು.

ನಿಧಾನಪ್ಪ ಅವಸರಪಡಲಿಲ್ಲ. ಮೂಳೆ ಡಾಕ್ಟರನ್ನು ಕೇಳಿದರು — "ಕೈ ಯಾವಾಗ ಕೂರಿಸಿದ್ರಿ ಡಾಕ್ಟ್ರೇ?"

"ರಾತ್ರಿ ಎಂಟು ದಾಟಿ."

"ಆರಕ್ಕೆ ಅಂದಿದ್ರಿ?"

"ಹೌದು. ಊಟ ತಡವಾಗಿ ಆಗಿತ್ತು. ಹನ್ನೆರಡರಿಂದ ಎಣಿಸಬೇಡಿ ಅಂತ..." ಡಾಕ್ಟರ ಮಾತು ಅರ್ಧಕ್ಕೆ ನಿಂತಿತು. ಅವರ ಕಣ್ಣು ಮೆಲ್ಲಗೆ ಮೇಜಿನ ಇನ್ನೊಂದು ತುದಿಗೆ ಹೊರಳಿತು.

ದಿಕ್ಕಿನಕ್ಕನೂ ಆ ಕಡೆ ತಿರುಗಿದಳು. ಆ ಮಾತು ಆಡಿದಾಗ ತಾನೂ ಅಲ್ಲೇ ಇದ್ದಳಲ್ಲ! ರಕ್ತ ಒರೆಸುತ್ತ, ಕಂಬಿ ನೋಡುತ್ತ, ಆ ಮಾತನ್ನು ಗಾಳಿಗೆ ಬಿಟ್ಟಿದ್ದಳು.

"ಎಲ್ಲರೂ ಕಂಬಿ ನೋಡಿದ್ರಿ" ಎಂದರು ನಿಧಾನಪ್ಪ. "ನಾನು ಊಟದ ಬಗ್ಗೆ ಕೇಳ್ತಾ ಹೋದೆ. ತಟ್ಟೆ ಇಟ್ಟದ್ದು ಹನ್ನೆರಡಕ್ಕೆ. ಅದು ಗುಬ್ಬಿಗೆ ಗೊತ್ತು, ಗಾಡಿಯಣ್ಣನಿಗೆ ಗೊತ್ತು. ಟೀಚರಮ್ಮ ಬಿದ್ದಾಗ ಕೋಣೇಲಿ ತಟ್ಟೆನೇ ಇರಲಿಲ್ಲ, ಆಗಲೇ ಹೊರಗೆ ಗಾಡಿ ಮೇಲಿತ್ತು. ಕೊನೇ ತುತ್ತು ಆಗ ತಾನೇ ಒಳಗೆ ಹೋಗಿತ್ತು ಅನ್ನೋದು ಯಾರಿಗೆ ಗೊತ್ತಿರೋಕೆ ಸಾಧ್ಯ? ಆ ತುತ್ತು ಹೋಗೋದನ್ನ ಪಕ್ಕದಲ್ಲಿ ಕೂತು ನೋಡಿದವರಿಗೆ ಮಾತ್ರ. ಸಭೆ ಮುಗಿಸಿ ಮೆಟ್ಟಿಲು ಹತ್ತುತ್ತಿದ್ದವರಿಗೆ ಅಲ್ಲ. ಅಂದ ಹಾಗೆ, ಆಡಳಿತದವರನ್ನ ಕೇಳಿದೆ. ನಿನ್ನೆ ಸಭೆ ಬೇಗನೇ ಮುಗಿದಿತ್ತು."

ನಿಧಾನಪ್ಪ ಮೇಜಿನ ಆ ತುದಿಯತ್ತ ತಿರುಗಿದರು.

"ಹೊರಗಿನವರಾದ್ರೆ ಆ ಹಳೇ ಕಂಬಿ ಇಳಿಸೋಕೇ ಆಗಲ್ಲ. ಮಧ್ಯಾಹ್ನ ನೋಡೋಕೆ ಬರೋರಿಗೆ ಪ್ರವೇಶವೂ ಇಲ್ಲ. ಉಳಿದ ನರ್ಸುಗಳು ಊಟಕ್ಕೆ ಹೋಗಿದ್ರು. ಇನ್ನು ನಾನು ಹೇಳೋದು ಏನೂ ಉಳಿದಿಲ್ಲ, ದೊಡ್ಡಕ್ಕ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯಲ್ಲ ದೊಡ್ಡಕ್ಕ. ನೆಟ್ಟಗೆ ಕೂತಿದ್ದರು.

"ನನಗೆ ಅಕ್ಷರ ಕಲಿಸಿದವರು ಅವರು" ಎಂದರು ಕೊನೆಗೆ. "ನಾನು ಯಾರು ಅಂತ ಅವರಿಗೆ ಗೊತ್ತಿಲ್ಲ. ಹೇಳಿಯೂ ಇಲ್ಲ. ಅರ್ಧ ತಟ್ಟೆ ಮುಂದೆ ಇಟ್ಟುಕೊಂಡು, ಊಟ ಆಯ್ತು ಅಂತ ಬಾಯಿ ಒರೆಸ್ಕೋತಿದ್ರು. ಮೈ ಕರಗ್ತಾ ಇತ್ತು. ನೋಡೋಕಾಗಲಿಲ್ಲ. ದಿನಾ ಎಲ್ಲರೂ ಊಟಕ್ಕೆ ಹೋದಾಗ ಹೋಗ್ತಿದ್ದೆ. ತಟ್ಟೆ ತಿರುಗಿಸಿ, ಹಾಸಿಗೆ ಅಂಚಿಗೆ ಕೂರ್ತಿದ್ದೆ. ನನ್ನ ಮಂಡಿ ನಿಲ್ಲೋಕೆ ಬಿಡಲ್ಲ, ಅದಕ್ಕೆ ಕಂಬಿ ಇಳಿಸ್ತಿದ್ದೆ. ನಿನ್ನೆ ಆ ಕಡೆ ವಾರ್ಡಲ್ಲಿ ಗಂಟೆ ಹೊಡೀತು. ಯಾರಿಗೋ ಉಸಿರು ಕಟ್ಟಿದೆ ಅಂತ ಕೂಗಿದ್ರು. ತಟ್ಟೆ ಎತ್ಕೊಂಡು ಓಡಿದೆ. ತಟ್ಟೆ ನೆನಪಾಯ್ತು. ಕಂಬಿ ನೆನಪಾಗಲಿಲ್ಲ."

"ಆಗಲೇ ಹೇಳಬಹುದಿತ್ತಲ್ಲ!" ಮಗಳ ದನಿ ಒಡೆಯಿತು.

"ಹೇಳಬಹುದಿತ್ತಮ್ಮ. ಈ ವಾರ್ಡಿನ ಒಬ್ಬೊಬ್ಬರನ್ನೂ 'ಕಂಬಿ ಏರಿಸಿದ್ಯಾ, ಎಳೆದು ನೋಡಿದ್ಯಾ' ಅಂತ ಗದರಿ ಬೆಳೆಸಿದವಳು ನಾನು. ಬಾಯಿ ಬರಲಿಲ್ಲ."

"ಆದ್ರೂ ಬಾಯಿ ಬಂತು" ಎಂದರು ನಿಧಾನಪ್ಪ ಮೆಲ್ಲಗೆ. "ಸುಮ್ಮನೆ ಇದ್ದಿದ್ರೆ ಆರಕ್ಕೆ ಅರಿವಳಿಕೆ ಕೊಡ್ತಿದ್ರು, ನಿಮ್ಮ ಗುಟ್ಟೂ ಉಳೀತಿತ್ತು. ಗುಟ್ಟು ಮುಚ್ಚೋ ಹೊತ್ತಲ್ಲೂ ರೋಗಿ ಜೀವದ ವಿಷಯಕ್ಕೆ ನಿಮಗೆ ಸುಳ್ಳಾಡೋಕೆ ಆಗಲಿಲ್ಲ. ಆ ನಿಜ ನಿಮ್ಮನ್ನ ಹಿಡಿದು ಕೊಟ್ಟಿತು. ಗುಬ್ಬಿ ವಿಷಯಕ್ಕೆ ಮಾತ್ರ..."

ಅವರು ಮೂಲೆಯ ಕುರ್ಚಿಯ ಕಡೆ ನೋಡಿದರು.

ಮುಖ್ಯ ವೈದ್ಯರು ಗುಬ್ಬಿಯ ಮೇಲಿನ ಆರೋಪವನ್ನು ಅಲ್ಲೇ ಕೈಬಿಟ್ಟರು. ದೊಡ್ಡಕ್ಕ ವಿಚಾರಣೆ ಮುಗಿಯುವವರೆಗೆ ವಾರ್ಡಿಗೆ ಬರಕೂಡದು. ಪ್ರಯೋಗದ ಮಾತು ಮುಂದಿನ ವಾರ. ಅಷ್ಟರಲ್ಲಿ ಹೊಸ ಹಾಳೆಗಳಿಂದ ಎಲ್ಲ ರೋಗಿಗಳನ್ನೂ ಮತ್ತೆ ಪರೀಕ್ಷಿಸಬೇಕು. ದಿಕ್ಕಿನಕ್ಕ ಆಗಲಿ ಎಂದಳು. ಪ್ರಯೋಗ ಉಳಿಯುತ್ತದೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ.

ಎಲ್ಲರೂ ಎದ್ದರು. ಗುಬ್ಬಿ ಮಾತ್ರ ಕುರ್ಚಿಯ ತುದಿಯಲ್ಲೇ ಇದ್ದಳು. ದೊಡ್ಡಕ್ಕ ಅವಳ ಮುಂದೆ ಬಂದು ನಿಂತರು. ಈ ಸಲ ಗೋಡೆ ನೋಡಲಿಲ್ಲ.

"ನಿನ್ನ ತಪ್ಪಿರಲಿಲ್ಲ ಗುಬ್ಬಿ."

"ನಿನ್ನೆ ಅಮ್ಮನಿಗೆ ಫೋನ್ ಮಾಡಿದ್ದೆ ದೊಡ್ಡಕ್ಕ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಿದ್ದಿದ್ದರೆ ಚೆನ್ನಿತ್ತು ಎನಿಸಿತು ದಿಕ್ಕಿನಕ್ಕನಿಗೆ. "ನಾನೇ ಮರೆತಿರಬೇಕು ಅಂತ ಹೇಳ್ಬಿಟ್ಟೆ. ಎಲ್ಲರೂ ಅಂದ ಮೇಲೆ ನಿಜ ಇರಬೇಕು ಅಂತ. ಅಮ್ಮ ರಾತ್ರಿಯೆಲ್ಲ ಅತ್ತಿದ್ದಾರೆ."

ದೊಡ್ಡಕ್ಕ ಕೈ ಚಾಚಿದರು.

"ಕೊಡು ಇಲ್ಲಿ."

ಗುಬ್ಬಿ ಫೋನಿನಲ್ಲಿ ಅಮ್ಮನ ನಂಬರ್ ಒತ್ತಿ ಕೊಟ್ಟಳು. ಆ ಕಡೆ ಗಂಟೆ ಹೊಡೆಯಿತು. ಹೆದರಿದ ಹೆಂಗಸಿನ ದನಿ — "ಏನಾಯ್ತಮ್ಮಾ?"

"ನಾನು ನಿಮ್ಮ ಮಗಳಲ್ಲಮ್ಮ" ಎಂದರು ದೊಡ್ಡಕ್ಕ. "ಅವಳ ವಾರ್ಡಿನ ಹಿರಿಯಳು. ಕಂಬಿ ಇಳಿಸಿ ಮರೆತವಳು ನಾನು."